ಓದುಗರ ಪ್ರಶ್ನೆ: ಬಾರ್‌ಕೋಡ್ ಬರೆಯುವುದು, ಓದುವುದು

ಗಲ್ಲಾಪೆಟ್ಟಿಗೆಯ ಮುಂದೆ ಕ್ಯೂಆರ್ ಬಂದು ಕೂತರೂ ಸರಕಿನ ಬೆನ್ನ ಮೇಲೆ ಇನ್ನೂ ಉದ್ದ ಗೆರೆಗಳ ಬಾರ್‌ಕೋಡೇ ಇದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ತಯಾರಿಸುವ ಮತ್ತು ಓದುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ನಮ್ಮದು ಸಿದ್ಧ ಉಡುಪಿನ ಅಂಗಡಿ. ಪೈಥಾನ್‌ನಲ್ಲಿ ಇಎಎನ್-13 (ಸರಕಿನ ಮೇಲಿನ 13 ಅಂಕಿಯ ಬಾರ್‌ಕೋಡ್) ಚಿತ್ರ ತಯಾರಿಸಿ, 38×25 ಮಿ.ಮೀ. ಲೇಬಲ್‌ಗೆ ಹೊಂದುವಷ್ಟು ಕಿರಿದು ಮಾಡಿ, 203 ಡಿಪಿಐ ಥರ್ಮಲ್ ಪ್ರಿಂಟರ್‌ನಲ್ಲಿ ಮುದ್ರಿಸುತ್ತೇವೆ. ಕಂಪ್ಯೂಟರ್ ಪರದೆಯ ಮೇಲೆ ಕೋಡ್ ಸರಿಯಾಗಿ ಓದುತ್ತದೆ. ಲೇಬಲ್ ಮೇಲೆ ಕೆಲವು ಓದುತ್ತವೆ, ಕೆಲವು ಇಲ್ಲ. ಸ್ಕ್ಯಾನರ್ ಬದಲಿಸಬೇಕೇ?
— ದಾವಣಗೆರೆಯ ಓದುಗರು

ಸ್ಕ್ಯಾನರ್‌ಗೆ ದುಡ್ಡು ಹಾಕಬೇಡಿ. ತಪ್ಪಿರುವುದು "ಕಿರಿದು ಮಾಡಿ" ಎಂದಿರಲ್ಲ, ಅಲ್ಲಿ.

ಬಾರ್‌ಕೋಡ್‌ನಲ್ಲಿ ಅತಿ ಸಣ್ಣ ಗೆರೆಯ ಅಗಲವನ್ನು ಒಂದು ಮಾಡ್ಯೂಲ್ ಅನ್ನುತ್ತಾರೆ. ಉಳಿದ ಗೆರೆಗಳೂ ನಡುವಿನ ಬಿಳಿ ಜಾಗಗಳೂ ಅದರ ಒಂದು, ಎರಡು, ಮೂರು ಅಥವಾ ನಾಲ್ಕು ಪಟ್ಟು. ಇಎಎನ್-13ರಲ್ಲಿ ಗೆರೆಗಳ ಭಾಗ 95 ಮಾಡ್ಯೂಲ್. ಎಡಕ್ಕೆ 11, ಬಲಕ್ಕೆ 7 ಮಾಡ್ಯೂಲ್ ಖಾಲಿ ಬಿಡಬೇಕು. ಒಟ್ಟು 113. ಮಾಡ್ಯೂಲ್‌ನ ಮೂಲ ಅಳತೆ 0.33 ಮಿ.ಮೀ.; ಶೇ. 80ರಿಂದ 200ರವರೆಗೆ, ಅಂದರೆ 0.264ರಿಂದ 0.66 ಮಿ.ಮೀ.ವರೆಗೆ ಹಿಗ್ಗಿಸಬಹುದು, ಕುಗ್ಗಿಸಬಹುದು.

ಈಗ ಪ್ರಿಂಟರ್ ಕಡೆಗೆ ಬನ್ನಿ. 203 ಡಿಪಿಐ ಅಂದರೆ ಮಿಲಿಮೀಟರಿಗೆ 8 ಡಾಟ್, ಒಂದು ಡಾಟ್ 0.125 ಮಿ.ಮೀ. ಅರ್ಧ ಡಾಟ್ ಮುದ್ರಿಸುವ ಶಕ್ತಿ ಯಾವ ಪ್ರಿಂಟರ್‌ಗೂ ಇಲ್ಲ. 0.33 ಮಿ.ಮೀ. ಮಾಡ್ಯೂಲ್‌ಗೆ 2.64 ಡಾಟ್ ಬೇಕು. ಸಿಗುವುದು ಎರಡು ಇಲ್ಲವೇ ಮೂರು. ಚಿತ್ರವನ್ನು ಎಳೆದು ಕಿರಿದು ಮಾಡಿದಾಗ ಗೆರೆಯ ಅಂಚು ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಬೂದು ಬಣ್ಣವನ್ನು ಪ್ರಿಂಟರ್ ಡ್ರೈವರ್ ಒಂದು ಕಡೆ ಕಪ್ಪಿಗೆ, ಇನ್ನೊಂದು ಕಡೆ ಬಿಳಿಗೆ ತಳ್ಳುತ್ತದೆ. ಹೀಗೆ ಒಂದೇ ಅಗಲವಿರಬೇಕಾದ ಗೆರೆಗಳಲ್ಲಿ ಒಂದು 2 ಡಾಟ್, ಮತ್ತೊಂದು 3 ಡಾಟ್ ಆಗುತ್ತದೆ. ಯಾವ ಸಂಖ್ಯೆಯಲ್ಲಿ ಯಾವ ಗೆರೆ ಕೆಡುತ್ತದೆ ಅನ್ನುವುದು ಅಂಕಿಗಳ ಮೇಲೆ ನಿಂತಿದೆ. ಕೆಲವು ಓದುತ್ತವೆ, ಕೆಲವು ಇಲ್ಲ ಅನ್ನುವುದರ ಗುಟ್ಟು ಅಷ್ಟೇ.

ನಿಮ್ಮ ಲೇಬಲ್‌ನ ಅಗಲ 38×8 = 304 ಡಾಟ್. ಮಾಡ್ಯೂಲ್‌ಗೆ 3 ಡಾಟ್ ಕೊಟ್ಟರೆ 339 ಡಾಟ್ ಬೇಕು, ಹಿಡಿಸುವುದಿಲ್ಲ. 2 ಡಾಟ್ ಕೊಟ್ಟರೆ 226 ಸಾಕು, ಆದರೆ ಮಾಡ್ಯೂಲ್ 0.25 ಮಿ.ಮೀ.ಗೆ ಇಳಿದು ಶೇ. 80ರ ಮಿತಿಗಿಂತ ಕೆಳಗೆ ಹೋಗುತ್ತದೆ. ನಿಮ್ಮ ಅಂಗಡಿಯ ಸ್ಕ್ಯಾನರ್ ಅದನ್ನು ಸಾಮಾನ್ಯವಾಗಿ ಓದೀತು. ಆದರೆ ಅದೇ ಬಟ್ಟೆ ದೊಡ್ಡ ಮಳಿಗೆಗೆ ಹೋದರೆ ತಿರಸ್ಕಾರವಾಗಬಹುದು. 300 ಡಿಪಿಐ ಪ್ರಿಂಟರ್ ಕೊಂಡರೂ ಈ ಲೇಬಲ್‌ನಲ್ಲಿ ಬಿಡುಗಡೆ ಇಲ್ಲ: 4 ಡಾಟ್‌ನ ಮಾಡ್ಯೂಲ್‌ಗೆ 452 ಡಾಟ್ ಬೇಕು, 38 ಮಿ.ಮೀ.ನಲ್ಲಿ ಇರುವುದು ಸುಮಾರು 449. ಕೂದಲೆಳೆಯಲ್ಲಿ ತಪ್ಪುತ್ತದೆ.

ಹಾಗಾಗಿ ಎರಡು ದಾರಿ. ಹೊರಗೆ ಮಾರುವ ಸರಕಾದರೆ 50 ಮಿ.ಮೀ. ಲೇಬಲ್ ತನ್ನಿ, 400 ಡಾಟ್‌ನಲ್ಲಿ 339 ನಿರಾಳವಾಗಿ ಕೂರುತ್ತದೆ. ಅಂಗಡಿಯ ಒಳಗಿನ ಲೆಕ್ಕಕ್ಕೆ ಮಾತ್ರವಾದರೆ ಇಎಎನ್-13ರ ಹಂಗೇ ಬೇಡ. ಆರಂಕಿಯ ಸರಕು ಸಂಖ್ಯೆಯನ್ನು ಕೋಡ್ 128 ಎಂಬ ಇನ್ನೊಂದು ಬಗೆಯ ಬಾರ್‌ಕೋಡ್‌ನ ಸಿ ಗಣದಲ್ಲಿ (ಎರಡೆರಡು ಅಂಕಿಗೆ ಒಂದೇ ಚಿಹ್ನೆ) ಬರೆದರೆ 68 ಮಾಡ್ಯೂಲ್, ಎರಡೂ ಬದಿ ಹತ್ತತ್ತು ಖಾಲಿ ಸೇರಿ 88. ಮಾಡ್ಯೂಲ್‌ಗೆ 3 ಡಾಟ್ ಕೊಟ್ಟರೂ 264 ಡಾಟ್. ಇದೇ ಲೇಬಲ್‌ನಲ್ಲಿ, ಇದೇ ಪ್ರಿಂಟರ್‌ನಲ್ಲಿ ದಪ್ಪ ಗೆರೆಯ ಕೋಡ್ ಸಿಗುತ್ತದೆ. ನಮ್ಮ ಸಲಹೆ ಇದೇ.

ಎರಡರಲ್ಲೂ ಚಿತ್ರ ಕಳಿಸುವುದನ್ನು ಬಿಡಿ. ಟಿಎಸ್‌ಪಿಎಲ್ ಅಥವಾ ಝಡ್‌ಪಿಎಲ್ ಎಂಬ ಲೇಬಲ್ ಪ್ರಿಂಟರ್ ಆದೇಶ ಭಾಷೆ ತಿಳಿದ ಪ್ರಿಂಟರ್‌ಗೆ ಬಾರ್‌ಕೋಡ್ ಆದೇಶವನ್ನೇ ಕಳಿಸಿ. ಸಣ್ಣ ಗೆರೆಯ ಅಗಲವನ್ನು ಅಲ್ಲಿ ಡಾಟ್ ಲೆಕ್ಕದಲ್ಲೇ ಕೊಡುತ್ತೀರಿ, ಗೆರೆಯನ್ನು ಪ್ರಿಂಟರ್ ತಾನೇ ಎಳೆಯುತ್ತದೆ. ಚಿತ್ರವೇ ಅನಿವಾರ್ಯವಾದರೆ ಒಂದು ಪಿಕ್ಸೆಲ್‌ಗೆ ಒಂದು ಡಾಟ್ ಬರುವಂತೆ ಬರೀ ಕಪ್ಪು-ಬಿಳುಪಿನಲ್ಲಿ ತಯಾರಿಸಿ, ಶೇ. 100ರ ಅಳತೆಯಲ್ಲೇ ಮುದ್ರಿಸಿ. "ಪುಟಕ್ಕೆ ಹೊಂದಿಸು" ಆಯ್ಕೆ ಆನ್ ಇದ್ದರೆ ಮತ್ತೆ ಮೊದಲಿನ ಕತೆ.

ಇನ್ನೆರಡು ಸಂಗತಿ. ಪ್ರಿಂಟರ್‌ನ ಡಾರ್ಕ್‌ನೆಸ್ ಏರಿಸಿದರೆ ಕಪ್ಪು ಗೆರೆ ಊದಿಕೊಂಡು ಬಿಳಿ ಜಾಗ ನುಂಗುತ್ತದೆ. ಓದದಿದ್ದಾಗ ಎಲ್ಲರೂ ಮೊದಲು ಏರಿಸುವುದು ಅದನ್ನೇ. ಇಳಿಸಿ ನೋಡಿ. ಪ್ರಿಂಟರ್ ಹೆಡ್‌ನಲ್ಲಿ ಒಂದು ಡಾಟ್ ಸುಟ್ಟಿದ್ದರೆ ಕಾಗದ ಸಾಗುವ ದಿಕ್ಕಿನಲ್ಲಿ ಉದ್ದಕ್ಕೂ ಬಿಳಿ ಗೀಟು ಬೀಳುತ್ತದೆ. ಗೆರೆಗಳೂ ಅದೇ ದಿಕ್ಕಿನಲ್ಲಿದ್ದರೆ ಒಂದು ಗೆರೆ ಪ್ರತಿ ಲೇಬಲ್‌ನಲ್ಲೂ ಕೆಡುತ್ತದೆ. ಹೊಸ ಹೆಡ್ ಬರುವ ತನಕ ಕೋಡನ್ನು 90 ಡಿಗ್ರಿ ತಿರುಗಿಸಿ ಮುದ್ರಿಸಿದರೆ ಕೆಲಸ ನಡೆಯುತ್ತದೆ.

ಚೆಕ್ ಡಿಜಿಟ್ (ಸಂಖ್ಯೆ ಸರಿಯೇ ಎಂದು ಪರೀಕ್ಷಿಸುವ ಕೊನೆಯ ಅಂಕಿ) ಲೆಕ್ಕ ಹಾಕುವ ಫಂಕ್ಷನ್ ಬರೆದಿದ್ದೇನೆ. ಕೆಲವು ಸಂಖ್ಯೆಗೆ 14 ಅಂಕಿ ಬರುತ್ತಿದೆ. ಇಎಎನ್-8ಕ್ಕಂತೂ ಪೂರಾ ತಪ್ಪು. ಇನ್ನೊಂದು ಸಂದೇಹ: ಹದಿಮೂರು ಅಂಕಿ ಇದ್ದರೂ ಗೆರೆಗಳಲ್ಲಿ ಹನ್ನೆರಡೇ ಅಂಕಿ ಎಣಿಸಲು ಸಿಗುತ್ತದಲ್ಲ?
— ಧಾರವಾಡದ ವಿದ್ಯಾರ್ಥಿನಿ

ಮೊದಲನೆಯದು ಸೊನ್ನೆಯ ತೊಂದರೆ. 890123456789 ತೆಗೆದುಕೊಳ್ಳಿ. ಬೆಸ ಸ್ಥಾನದ ಅಂಕಿಗಳ ಮೊತ್ತ 8+0+2+4+6+8 = 28. ಸಮ ಸ್ಥಾನದ್ದು 9+1+3+5+7+9 = 34, ಅದರ ಮೂರು ಪಟ್ಟು 102. ಒಟ್ಟು 130, ಹತ್ತರಿಂದ ಭಾಗಿಸಿದರೆ ಶೇಷ 0. ನೀವು 10ರಿಂದ 0 ಕಳೆದು 10 ಎಂದು ಬರೆದಿದ್ದೀರಿ, ಅದಕ್ಕೇ ಹದಿನಾಲ್ಕು ಅಂಕಿ. ಕಳೆದ ಮೇಲೆ ಇನ್ನೊಮ್ಮೆ 10ರ ಶೇಷ ತೆಗೆಯಿರಿ, ಉತ್ತರ 0.

ಎರಡನೆಯದು ಎಡದಿಂದ ಎಣಿಸಿದ್ದರಿಂದ ಆದದ್ದು. ಬಲತುದಿಯಿಂದ 3, 1, 3, 1 ಎಂದು ಗುಣಿಸುತ್ತ ಬನ್ನಿ. ಆಗ ಇಎಎನ್-8, 12 ಅಂಕಿಯ ಯುಪಿಸಿ-ಎ, ಇಎಎನ್-13, ಪೆಟ್ಟಿಗೆಯ ಮೇಲಿನ 14 ಅಂಕಿಯ ಐಟಿಎಫ್-14 ನಾಲ್ಕಕ್ಕೂ ಒಂದೇ ಫಂಕ್ಷನ್ ಸಾಕು. ಈ ಲೆಕ್ಕ ಒಂದು ಅಂಕಿ ತಪ್ಪಿದರೆ ತಪ್ಪದೆ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿ ಅದಲು ಬದಲಾದರೆ ಮಾತ್ರ, ಅವುಗಳ ವ್ಯತ್ಯಾಸ 5 ಇದ್ದಾಗ (1 ಮತ್ತು 6, 2 ಮತ್ತು 7 ಹೀಗೆ) ಗೊತ್ತಾಗುವುದಿಲ್ಲ. ಕೈಯಲ್ಲಿ ಟೈಪ್ ಮಾಡುವ ಕಡೆ ಇದು ನೆನಪಿರಲಿ.

ಗೆರೆಗಳಲ್ಲಿ ಕಾಣದ ಆ ಒಂದು ಅಂಕಿ ಎಲ್ಲಿ ಅಡಗಿದೆ ಅನ್ನುವುದು ಒಳ್ಳೆಯ ಪ್ರಶ್ನೆ. 1974ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಯುಪಿಸಿಯಲ್ಲಿ ಹನ್ನೆರಡೇ ಅಂಕಿ. ಯುರೋಪಿನವರು ಒಂದಂಕಿ ಹೆಚ್ಚಿಸಬೇಕಿತ್ತು, ಹಳೆಯ ಕೋಡೂ ಹಾಗೇ ನಡೆಯಬೇಕಿತ್ತು, ಗೆರೆಯ ಜಾಗವೂ ಬೆಳೆಯಬಾರದಿತ್ತು. ಅದಕ್ಕೆ ಎಡಭಾಗದ ಆರು ಅಂಕಿಗಳಿಗೆ ಎ, ಬಿ ಎಂಬ ಎರಡು ಕೋಷ್ಟಕ ಮಾಡಿದರು. ಯಾವ ಅಂಕಿಗೆ ಯಾವ ಕೋಷ್ಟಕ ಬಳಸಿದೆ ಅನ್ನುವ ಸರಣಿಯೇ ಮೊದಲ ಅಂಕಿ. ಆರೂ ಎ ಆದರೆ ಅದು 0, ಅಂದರೆ ಹಳೆಯ ಯುಪಿಸಿ. ಮೊದಲ ಅಂಕಿ 8 ಆದರೆ ಎ-ಬಿ-ಎ-ಬಿ-ಬಿ-ಎ. 890ರಿಂದ ಶುರುವಾಗುವ ಪ್ರತಿ ಕೋಡ್‌ನಲ್ಲೂ ಎಡಭಾಗಕ್ಕೆ ಇದೇ ಸರಣಿ ಬರಬೇಕು. ನಿಮ್ಮ ಪ್ರೋಗ್ರಾಂ ಪರೀಕ್ಷಿಸಲು ಇದಕ್ಕಿಂತ ಸುಲಭದ ಗುರುತು ಇಲ್ಲ. ಸರಣಿ ಯಾವಾಗಲೂ ಎ-ಯಿಂದ ಶುರುವಾಗುವುದರಿಂದ, ಕೋಡ್ ತಲೆಕೆಳಗಾಗಿ ಬಂದರೂ ಸ್ಕ್ಯಾನರ್‌ಗೆ ತಿಳಿಯುತ್ತದೆ.

890 ಎಂದಿದ್ದರೆ ಭಾರತದಲ್ಲೇ ತಯಾರಾದದ್ದು ಎಂದರ್ಥವೇ?
— ಚಿಂತಾಮಣಿಯ ಓದುಗರು

ಅಲ್ಲ. ಸಂಖ್ಯೆಯನ್ನು ಜಿಎಸ್1 ಇಂಡಿಯಾ ಎಂಬ ಸಂಸ್ಥೆ ಹಂಚಿದೆ ಎಂದಷ್ಟೇ. ಸರಕು ಎಲ್ಲಿ ತಯಾರಾಯಿತು ಅನ್ನುವುದನ್ನು ಪೊಟ್ಟಣದ ಮೇಲಿನ ಬರಹದಲ್ಲೇ ಓದಬೇಕು. 20ರಿಂದ 29ರವರೆಗೆ ಶುರುವಾಗುವ ಸಂಖ್ಯೆಗಳು ಅಂಗಡಿಯೊಳಗಿನ ಬಳಕೆಗೆ ಮೀಸಲು. ತೂಕ ಮಾಡಿ ಅಂಟಿಸುವ ತರಕಾರಿ ಚೀಟಿಗಳಲ್ಲಿ ಕಾಣುತ್ತವೆ.

ಕೋಡ್ 128 ಫಾಂಟ್ ಹಾಕಿಕೊಂಡು ವರ್ಡ್‌ನಲ್ಲಿ ಸಂಖ್ಯೆ ಟೈಪ್ ಮಾಡಿದೆ. ಗೆರೆ ಬಂತು, ಆದರೆ ಯಾವ ಸ್ಕ್ಯಾನರೂ ಓದುವುದಿಲ್ಲ.
— ಮಂಡ್ಯದ ಓದುಗರು

ಫಾಂಟ್‌ಗೆ ಗೊತ್ತಿರುವುದು ಒಂದೊಂದು ಅಕ್ಷರದ ಗೆರೆಚಿತ್ರ ಮಾತ್ರ. ಕೋಡ್ 128ಕ್ಕೆ ಮೊದಲು ಶುರುವಿನ ಚಿಹ್ನೆ, ಕೊನೆಗೆ ಚೆಕ್ ಚಿಹ್ನೆ, ಆಮೇಲೆ ಮುಕ್ತಾಯದ ಚಿಹ್ನೆ ಬೇಕು. ಅವನ್ನು ನೀವೇ ಲೆಕ್ಕ ಹಾಕಿ ಸೇರಿಸಬೇಕು.

ಒಂದೊಂದು ಅಕ್ಷರಕ್ಕೆ ಒಂದು ಚಿಹ್ನೆ ಇರುವ ಬಿ ಗಣದಲ್ಲಿ ಅಕ್ಷರದ ಬೆಲೆ ಎಂದರೆ ಅದರ ಆಸ್ಕಿ ಸಂಖ್ಯೆಯಿಂದ (ಕಂಪ್ಯೂಟರ್ ಅಕ್ಷರಕ್ಕೆ ಕೊಡುವ ಸಂಖ್ಯೆ) 32 ಕಳೆದದ್ದು. ಇಂಗ್ಲಿಷಿನ ದೊಡ್ಡಕ್ಷರ ಕೆ, ಎ, ಆಮೇಲೆ 1, 9 ಎಂದು ಬರೆಯಬೇಕೆನ್ನಿ. ಬೆಲೆಗಳು 43, 33, 17, 25. ಬಿ ಗಣದ ಶುರುವಿನ ಬೆಲೆ 104. ಪ್ರತಿ ಬೆಲೆಯನ್ನೂ ಅದರ ಸ್ಥಾನದಿಂದ ಗುಣಿಸಿ ಕೂಡಿಸಿ: 104 + 43 + 66 + 51 + 100 = 364. 103ರಿಂದ ಭಾಗಿಸಿದರೆ ಶೇಷ 55. ಅದಕ್ಕೆ 32 ಸೇರಿಸಿದರೆ 87, ಅಂದರೆ ದೊಡ್ಡಕ್ಷರ ಡಬ್ಲ್ಯೂ. ಅದೇ ಚೆಕ್ ಚಿಹ್ನೆ. 95 ಮತ್ತು ಅದಕ್ಕಿಂತ ಮೇಲಿನ ಬೆಲೆಗಳನ್ನೂ ಶುರು-ಮುಕ್ತಾಯದ ಚಿಹ್ನೆಗಳನ್ನೂ ಒಂದೊಂದು ಫಾಂಟ್ ಒಂದೊಂದು ಕೀಲಿಗೆ ಕೂರಿಸಿರುತ್ತದೆ; ಫಾಂಟ್ ಜೊತೆಗೆ ಬಂದ ಪಟ್ಟಿ ನೋಡದೆ ವಿಧಿಯಿಲ್ಲ.

ಇಷ್ಟು ರಗಳೆ ಬೇಡವೆಂದರೆ ಕೋಡ್ 39 ಫಾಂಟ್ ಬಳಸಿ. ಅದಕ್ಕೆ ಚೆಕ್ ಕಡ್ಡಾಯವಲ್ಲ, ಎರಡೂ ತುದಿಗೆ ನಕ್ಷತ್ರ ಚಿಹ್ನೆ ಟೈಪ್ ಮಾಡಿದರೆ ಮುಗಿಯಿತು. ಆದರೆ ಕೋಡ್ ಉದ್ದವಾಗುತ್ತದೆ, ಮೂಲ ರೂಪದಲ್ಲಿ ಸಣ್ಣಕ್ಷರ ಸಿಗುವುದಿಲ್ಲ. ವರ್ಡ್‌ನ ಒಂದು ಕಿತಾಪತಿಯೂ ಇದೆ: ಎರಡು ನಕ್ಷತ್ರದ ನಡುವಿನ ಪದವನ್ನು ದಪ್ಪಕ್ಷರ ಮಾಡುವ ಆಟೊಫಾರ್ಮ್ಯಾಟ್ ಆನ್ ಇದ್ದರೆ ನಕ್ಷತ್ರಗಳನ್ನೇ ತೆಗೆದುಹಾಕುತ್ತದೆ. ಮೊದಲು ಅದನ್ನು ಆಫ್ ಮಾಡಿ. ದಿನಕ್ಕೆ ನೂರಾರು ಲೇಬಲ್ ಮಾಡುವವರು ಫಾಂಟ್ ಬಿಟ್ಟು ಜಿಂಟ್‌ನಂಥ ಉಚಿತ ತಂತ್ರಾಂಶಕ್ಕೆ ಹೋಗುವುದು ಮೇಲು. ಚೆಕ್ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

ಲೈಬ್ರರಿ ಬಳಸದೆ, ಮೊಬೈಲ್ ಫೋಟೊದಿಂದ ಇಎಎನ್-13 ಓದುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಸ್ವಚ್ಛ ಚಿತ್ರ ಓದುತ್ತದೆ. ಅಗ್ಗದ ಮುದ್ರಣದ ಪೊಟ್ಟಣದಲ್ಲಿ 1 ಇದ್ದಲ್ಲಿ 7, 2 ಇದ್ದಲ್ಲಿ 8 ಬಂದು ಚೆಕ್ ಡಿಜಿಟ್ ತಪ್ಪುತ್ತದೆ. ಬೇರೆ ಅಂಕಿಗಳಿಗೆ ತೊಂದರೆ ಇಲ್ಲ.
— ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿ

ರೋಗದ ಲಕ್ಷಣವನ್ನು ಇಷ್ಟು ನಿಖರವಾಗಿ ಬರೆದಿರುವುದರಿಂದ ಮದ್ದು ಹೇಳುವುದು ಸುಲಭ. ಶಾಯಿ ಹರಡಿದೆ.

ಹರಡಿದ ಶಾಯಿ ಪ್ರತಿ ಕಪ್ಪು ಗೆರೆಯನ್ನೂ ಒಂದಿಷ್ಟು ಅಗಲ ಮಾಡಿ, ಪಕ್ಕದ ಬಿಳಿಯನ್ನು ಅಷ್ಟೇ ಕಿರಿದು ಮಾಡುತ್ತದೆ. ಅದಕ್ಕೆ ಅನುಭವಸ್ಥ ಡಿಕೋಡರ್‌ಗಳು ಗೆರೆಯ ಅಗಲವನ್ನು ನೇರ ಅಳೆಯುವುದಿಲ್ಲ; ಒಂದು ಗೆರೆಯ ಎಡ ಅಂಚಿನಿಂದ ಮುಂದಿನ ಗೆರೆಯ ಎಡ ಅಂಚಿನವರೆಗೆ, ಬಲ ಅಂಚಿನಿಂದ ಬಲ ಅಂಚಿನವರೆಗೆ ಅಳೆಯುತ್ತವೆ. ಎರಡೂ ಅಂಚು ಒಂದೇ ಕಡೆ ಸರಿಯುವುದರಿಂದ ಹರಡಿದ್ದು ವಜಾ ಆಗುತ್ತದೆ. ನೀವೂ ಬಹುಶಃ ಹಾಗೇ ಮಾಡಿದ್ದೀರಿ, ಉಳಿದ ಅಂಕಿ ಸರಿ ಬರುತ್ತಿರುವುದು ಅದರಿಂದಲೇ.

ಆದರೆ ನಾಲ್ಕು ಅಂಕಿಗಳಿಗೆ ಈ ಉಪಾಯ ಸಾಲದು. ಎ ಕೋಷ್ಟಕದಲ್ಲಿ ಬಿಳಿ-ಕಪ್ಪು-ಬಿಳಿ-ಕಪ್ಪು ಕ್ರಮದಲ್ಲಿ 1ರ ಅಗಲ 2-2-2-1, 7ರದ್ದು 1-3-1-2. ಅಂಚಿನಿಂದ ಅಂಚಿಗೆ ಅಳೆದರೆ ಎರಡಕ್ಕೂ 4, 4. ಹಾಗೆಯೇ 2 ಎಂದರೆ 2-1-2-2, 8 ಎಂದರೆ 1-2-1-3. ಎರಡಕ್ಕೂ 3, 3. ಇಲ್ಲಿ ಕಪ್ಪಿನ ಒಟ್ಟು ಅಗಲ ನೋಡಲೇಬೇಕು: 1 ಮತ್ತು 2ಕ್ಕೆ ಕಪ್ಪು 3 ಮಾಡ್ಯೂಲ್, 7 ಮತ್ತು 8ಕ್ಕೆ 5. ನಡುವಿನ ಗಡಿ 4. ಪ್ರತಿ ಗೆರೆ ಅರ್ಧ ಮಾಡ್ಯೂಲ್ ಊದಿದರೆ ಎರಡು ಗೆರೆ ಸೇರಿ 3 ಎಂಬುದು 4 ಆಗುತ್ತದೆ. ಗಡಿ ದಾಟಿತು, 1 ಹೋಗಿ 7 ಆಯಿತು. ಬಿ ಕೋಷ್ಟಕದಲ್ಲಿ ಇದು ಉಲ್ಟಾ: ಅಲ್ಲಿ 7, 8ಕ್ಕೆ ಕಪ್ಪು 2, 1 ಮತ್ತು 2ಕ್ಕೆ 4. ಹಾಗಾಗಿ ಅಲ್ಲಿ 7 ಇದ್ದದ್ದು 1 ಆಗುತ್ತದೆ. ನಿಮ್ಮ ತಪ್ಪುಗಳ ಪಟ್ಟಿಯನ್ನು ಕೋಷ್ಟಕವಾರು ಬೇರ್ಪಡಿಸಿ ನೋಡಿ, ಕಾಣುತ್ತದೆ.

ಪರಿಹಾರ ಕೋಡ್‌ನ ತುದಿಯಲ್ಲೇ ಇದೆ. ಎರಡೂ ಕೊನೆಯ ಕಾವಲು ಗೆರೆಗಳು ಕಪ್ಪು-ಬಿಳಿ-ಕಪ್ಪು, ಎಲ್ಲವೂ ಒಂದೊಂದು ಮಾಡ್ಯೂಲ್. ಅಲ್ಲಿ ಕಪ್ಪಿನ ಸರಾಸರಿ ಅಗಲದಿಂದ ಬಿಳಿಯದ್ದನ್ನು ಕಳೆದು ಅರ್ಧ ಮಾಡಿದರೆ ಒಂದು ಗೆರೆ ಎಷ್ಟು ಊದಿದೆ ಎಂದು ಸಿಗುತ್ತದೆ. ನಡುವಿನ ಐದು ಕಾವಲು ಗೆರೆಗಳಿಂದಲೂ ಅಳೆದು ಸರಾಸರಿ ತೆಗೆಯಿರಿ. ಅಷ್ಟನ್ನು ಪ್ರತಿ ಕಪ್ಪಿನಿಂದ ಕಳೆದು, ಬಿಳಿಗೆ ಕೂಡಿಸಿ, ಆಮೇಲೆ ಗಡಿ ಹಾಕಿ.

ಉಳಿದ ಕಡೆ ಗಮನ ಬೇಕಾದದ್ದು: ಇಡೀ ಚಿತ್ರಕ್ಕೆ ಒಂದೇ ಕಪ್ಪು-ಬಿಳುಪು ಗಡಿ ಇಡಬೇಡಿ, ನೆರಳು ಬಿದ್ದ ಕಡೆ ಎಲ್ಲ ಕಪ್ಪಾಗುತ್ತದೆ, ಸುತ್ತಲಿನ ಪಿಕ್ಸೆಲ್‌ಗಳ ಸರಾಸರಿಯನ್ನು ಆಯಾ ಜಾಗದ ಗಡಿ ಮಾಡಿ. ಒಂದು ಅಡ್ಡಸಾಲಿನಲ್ಲಿ ಕಾವಲು ಗೆರೆ ಸೇರಿ ಕಪ್ಪು-ಬಿಳಿ ತುಂಡುಗಳು ಸರಿಯಾಗಿ 59 ಇರಬೇಕು (3+24+5+24+3). 59 ಬರದ ಸಾಲನ್ನು ಕೈಬಿಡಿ. ಮಾಡ್ಯೂಲ್ ಅಗಲವನ್ನು ಪೂರ್ತಿ ಕೋಡ್‌ಗೆ ಒಮ್ಮೆ ಲೆಕ್ಕ ಹಾಕದೆ ಪ್ರತಿ ಅಂಕಿಯ ನಾಲ್ಕು ತುಂಡುಗಳ ಮೊತ್ತವನ್ನೇ 7 ಎಂದು ಹಿಡಿಯಿರಿ. ಬಾಟಲಿಯ ದುಂಡಗಿನ ಮೈಮೇಲೆ ಅಂಚಿನ ಅಂಕಿಗಳು ಕಿರಿದಾಗಿರುತ್ತವೆ. ಒಂದೇ ಸಾಲನ್ನು ನಂಬಬೇಡಿ, ಎರಡು ಮೂರು ಸಾಲು ಒಂದೇ ಉತ್ತರ ಕೊಟ್ಟರೆ ಮಾತ್ರ ಒಪ್ಪಿ. ಝಡ್‌ಎಕ್ಸಿಂಗ್ ಲೈಬ್ರರಿ ಚಿತ್ರದ ನಡುವಿನಿಂದ ಶುರುಮಾಡಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸಾಲು ಹಾರಿಸುತ್ತ ಹೋಗುತ್ತದೆ, ಸಾಲನ್ನು ತಿರುವಿ ಹಾಕಿಯೂ ನೋಡುತ್ತದೆ. ಆ ಕ್ರಮ ಅನುಸರಿಸಲು ಯೋಗ್ಯ.

ಮಾಡ್ಯೂಲ್‌ಗೆ ಎರಡು ಪಿಕ್ಸೆಲ್ ಆದರೂ ಇರಲಿ. 640 ಪಿಕ್ಸೆಲ್ ಅಗಲದ ಚಿತ್ರದ ಅರ್ಧ ಭಾಗವನ್ನು ಇಎಎನ್-13 ತುಂಬಿದರೆ 320÷113, ಸುಮಾರು 2.8 ಪಿಕ್ಸೆಲ್. ಅದಕ್ಕಿಂತ ದೂರದಿಂದ ತೆಗೆದ ಫೋಟೊ ಓದದಿದ್ದರೆ ಪ್ರೋಗ್ರಾಂ ಬೈಯಬೇಡಿ.

ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಯ ಐಟಿಎಫ್-14 ಸ್ಕ್ಯಾನ್ ಮಾಡಿದರೆ ಅಪರೂಪಕ್ಕೊಮ್ಮೆ ಎಂಟೋ ಹತ್ತೋ ಅಂಕಿ ಮಾತ್ರ ಬರುತ್ತದೆ. ತಪ್ಪು ಎಂಬ ಸದ್ದೂ ಇಲ್ಲ.
— ಹುಬ್ಬಳ್ಳಿಯ ಓದುಗರು

ಈ ಕೋಡ್‌ನ ಹುಟ್ಟುಗುಣ ಅದು. ಇದರ ಶುರು, ಮುಕ್ತಾಯದ ಗುರುತುಗಳು ತೀರ ಸರಳ, ನಡುವಿನ ಅಂಕಿಗಳಲ್ಲೇ ಅಂಥ ವಿನ್ಯಾಸ ಕಾಣಿಸಿಕೊಳ್ಳಬಹುದು. ಕಿರಣ ಓರೆಯಾಗಿ ಸಾಗಿ ಮೇಲಂಚಿನಿಂದ ಆಚೆ ಹೋದರೆ ಓದಿದಷ್ಟೇ ಪೂರ್ಣ ಕೋಡ್ ಅನ್ನಿಸುತ್ತದೆ. ಸ್ಕ್ಯಾನರ್ ಸೆಟ್ಟಿಂಗ್‌ನಲ್ಲಿ ಐಟಿಎಫ್ ಉದ್ದವನ್ನು 14ಕ್ಕೆ ನಿಗದಿ ಮಾಡಿ, ಚೆಕ್ ಡಿಜಿಟ್ ಪರೀಕ್ಷೆ ಆನ್ ಮಾಡಿ. ಮುದ್ರಣ ನಿಮ್ಮದೇ ಆದರೆ ಮೇಲೂ ಕೆಳಗೂ ದಪ್ಪ ಅಡ್ಡಪಟ್ಟಿ ಹಾಕಲು ಮರೆಯಬೇಡಿ. ಓರೆ ಕಿರಣ ಅದಕ್ಕೆ ಬಡಿದರೆ ಓದು ಪೂರ್ತಿ ವಿಫಲವಾಗುತ್ತದೆ, ಬೇಕಾದದ್ದೂ ಅದೇ.

ಊರ ಗ್ರಂಥಾಲಯದ ಪುಸ್ತಕಗಳಿಗೆ ಕನ್ನಡ ಹೆಸರನ್ನೇ ಬಾರ್‌ಕೋಡ್ ಮಾಡಬಹುದೇ? ಇನ್ನೊಂದು: ಪುಸ್ತಕ ಸಂಖ್ಯೆಯ ಮುಂದಿನ ಇಂಗ್ಲಿಷ್ ಅಕ್ಷರಗಳು ಸ್ಕ್ಯಾನ್ ಮಾಡಿದಾಗ ಕೆಲವೊಮ್ಮೆ ಕನ್ನಡವಾಗಿ ಬರುತ್ತವೆ.
— ಶಿರಸಿಯ ಓದುಗರು

ಗೆರೆಯ ಕೋಡ್‌ಗಳಿಗೆ ಕನ್ನಡ ಹಿಡಿಯದು. ಕೋಡ್ 128 ಮೂಲತಃ ಆಸ್ಕಿಯ 128 ಅಕ್ಷರಗಳಿಗೆ ಮಾಡಿದ್ದು. ಕನ್ನಡದ ಪ್ರತಿ ಯೂನಿಕೋಡ್ ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್; "ಕನ್ನಡ" ಎಂಬ ಪುಟ್ಟ ಪದಕ್ಕೇ 15 ಬೈಟ್. ಕ್ಯೂಆರ್‌ನಲ್ಲಿ ಹಾಕಬಹುದು, ಆದರೆ ಅಗತ್ಯವಿಲ್ಲ. ಪುಸ್ತಕಕ್ಕೊಂದು ಪರಿಗ್ರಹಣ ಸಂಖ್ಯೆ ಇದ್ದೇ ಇರುತ್ತದೆ. ಕೋಡ್‌ನಲ್ಲಿ ಅದೊಂದಿರಲಿ, ಹೆಸರು ಡೇಟಾಬೇಸ್‌ನಲ್ಲಿರಲಿ.

ಎರಡನೆಯದಕ್ಕೆ ಕಾರಣ ಸ್ಕ್ಯಾನರ್ ತನ್ನನ್ನು ಕೀಬೋರ್ಡ್ ಎಂದು ಹೇಳಿಕೊಳ್ಳುವುದು. ಅದು ಕಳಿಸುವುದು ಅಕ್ಷರವನ್ನಲ್ಲ, ಯಾವ ಕೀಲಿ ಒತ್ತಿತು ಅನ್ನುವುದನ್ನು. ಆಗ ನುಡಿಯೋ ಬೇರೆ ಕನ್ನಡ ಕೀಬೋರ್ಡೋ ಚಾಲೂ ಇದ್ದರೆ ಆ ಕೀಲಿ ಕನ್ನಡವಾಗಿಯೇ ಮೂಡುತ್ತದೆ. ಸಂಖ್ಯೆಯಲ್ಲಿ ಅಂಕಿ ಮಾತ್ರ ಇಟ್ಟುಕೊಂಡರೆ ತೊಂದರೆ ತಗ್ಗುತ್ತದೆ. ಪಕ್ಕಾ ಪರಿಹಾರ ಬೇಕಾದರೆ ಸ್ಕ್ಯಾನರ್‌ನ ಕೈಪಿಡಿಯಲ್ಲಿರುವ ಸೆಟ್ಟಿಂಗ್ ಕೋಡ್ ಸ್ಕ್ಯಾನ್ ಮಾಡಿ ಅದನ್ನು ಕೀಲಿಗೆ ಬದಲು ಅಕ್ಷರವನ್ನೇ ಕಳಿಸುವ ವರ್ಚುವಲ್ ಕಾಮ್ ಪೋರ್ಟ್ ರೀತಿಗೆ ಬದಲಿಸಿ, ಪ್ರೋಗ್ರಾಂ ನೇರ ಅಲ್ಲಿಂದ ಓದಲಿ.

ಎಕ್ಸೆಲ್‌ನಲ್ಲಿ ಬಾರ್‌ಕೋಡ್ ಸಂಖ್ಯೆ 8.90123ಇ+12 ಎಂದಾಗುತ್ತದೆ.
— ಗದಗದ ಓದುಗರು

ಬಾರ್‌ಕೋಡ್ ಸಂಖ್ಯೆ ಕೂಡಿ ಕಳೆಯುವ ಸಂಖ್ಯೆಯಲ್ಲ, ಅದನ್ನು ಪಠ್ಯವಾಗಿಯೇ ಇಡಬೇಕು. ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, ಆಮೇಲೆ ಸಂಖ್ಯೆ ತುಂಬಿ. ಸಿಎಸ್‌ವಿ ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಇಂಪೋರ್ಟ್ ಮೂಲಕ ತಂದು ಆ ಕಾಲಂ ಟೆಕ್ಸ್ಟ್ ಎಂದು ಹೇಳಿ. ಇಲ್ಲವಾದರೆ ಮೊದಲ ಸೊನ್ನೆ ಮಾಯ. 15 ಅಂಕಿ ಮೀರಿದ ಸಂಖ್ಯೆಯಲ್ಲಿ ಕೊನೆಯವು ಸೊನ್ನೆಯಾಗಿ ಶಾಶ್ವತವಾಗಿ ಕಳೆದುಹೋಗುತ್ತವೆ.

ಹಳೆಯ ಹತ್ತಂಕಿ ಐಎಸ್‌ಬಿಎನ್‌ನ ಪುಸ್ತಕ ಮರುಮುದ್ರಣ ಮಾಡುತ್ತಿದ್ದೇವೆ. ಮುಂದೆ 978 ಸೇರಿಸಿದರೆ ಸಾಕೇ? ಮುಖಪುಟದ ಬಣ್ಣಕ್ಕೆ ಹೊಂದುವಂತೆ ಗೆರೆ ಕೆಂಪಾದರೆ ಆದೀತೇ?
— ಮೈಸೂರಿನ ಪ್ರಕಾಶಕರು

ಸಾಲದು. ಹತ್ತಂಕಿಯ ಕೊನೆಯ ಚೆಕ್ ಡಿಜಿಟ್ 11ರ ಲೆಕ್ಕದ್ದು, ಹದಿಮೂರಂಕಿಯದು 10ರ ಲೆಕ್ಕದ್ದು. ಹಳೆಯ ಕೊನೆಯ ಅಂಕಿ ಕಿತ್ತು, 978 ಸೇರಿಸಿ, ಮೇಲೆ ಹೇಳಿದ 3-1 ಕ್ರಮದಲ್ಲಿ ಹೊಸದಾಗಿ ಲೆಕ್ಕ ಹಾಕಿ. ಕೆಂಪು ಗೆರೆ ಖಂಡಿತ ಬೇಡ: ಅಂಗಡಿ ಸ್ಕ್ಯಾನರ್‌ಗಳ ಬೆಳಕೇ ಸಾಮಾನ್ಯವಾಗಿ ಕೆಂಪು, ಅದಕ್ಕೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಕೆಂಪು ಹಿನ್ನೆಲೆಯ ಮೇಲೆ ಕಪ್ಪು ಗೆರೆ ಬೇಕಾದರೆ ನಡೆಯುತ್ತದೆ.

ಸ್ಪೀಡ್ ಪೋಸ್ಟ್ ಸಂಖ್ಯೆ ತಪ್ಪಾಗಿ ಟೈಪಾದರೆ ನಮ್ಮ ಪ್ರೋಗ್ರಾಂನಲ್ಲೇ ಹಿಡಿಯುವುದು ಹೇಗೆ?
— ಬೆಂಗಳೂರಿನ ಓದುಗರು

ಎರಡು ಅಕ್ಷರ, ಎಂಟು ಅಂಕಿ, ಒಂದು ಚೆಕ್ ಡಿಜಿಟ್, ಕೊನೆಗೆ ದೇಶದ ಎರಡು ಅಕ್ಷರ. ಇದು ವಿಶ್ವ ಅಂಚೆ ಒಕ್ಕೂಟದ ಎಸ್10 ಮಾದರಿ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸಿ, 11ರಿಂದ ಭಾಗಿಸಿ, ಶೇಷವನ್ನು 11ರಿಂದ ಕಳೆಯಿರಿ. ಉತ್ತರ 10 ಬಂದರೆ 0, 11 ಬಂದರೆ 5 ಎಂದಿಟ್ಟುಕೊಳ್ಳಿ. 12345678ಕ್ಕೆ ಮೊತ್ತ 204, ಶೇಷ 6, ಚೆಕ್ ಡಿಜಿಟ್ 5.

ಇದನ್ನು ಕೋಡ್ 128ರಲ್ಲಿ ಮುದ್ರಿಸುವಾಗ ಪೂರ್ತಿ ಬಿ ಗಣದಲ್ಲಿ ಬರೆದರೆ 178 ಮಾಡ್ಯೂಲ್. ಎರಡು ಅಕ್ಷರ ಮತ್ತು ಮೊದಲ ಅಂಕಿಯನ್ನು ಬಿ-ಯಲ್ಲಿಟ್ಟು, ಉಳಿದ ಎಂಟಂಕಿಯನ್ನು ಸಿ ಗಣದಲ್ಲಿ ನಾಲ್ಕು ಜೋಡಿ ಮಾಡಿ, ಮತ್ತೆ ಬಿ-ಗೆ ಮರಳಿದರೆ 156. ಸಾಲಿನ ನಡುವೆ ಆರು ಅಥವಾ ಹೆಚ್ಚು ಅಂಕಿ ಇದ್ದರೆ ಮಾತ್ರ ಹೀಗೆ ಗಣ ಬದಲಿಸುವುದು ಲಾಭ. ಶುರುವಿನಲ್ಲಿ ಅಥವಾ ಕೊನೆಯಲ್ಲಿ ನಾಲ್ಕಿದ್ದರೂ ಸಾಕು.